ಟ್ರಿನಿ ಮಾತು

ಲಿಸ್ಲ್
೯ ನವೆಂಬರ್ ೨೦೦೮

ಸ್ವರೂಪ,

...ಅನು ಆಡುವುದು ತಪ್ಪು ಇಂಗ್ಲಿಷ್ ಅಲ್ಲ, ಬೇರೆಲ್ಲಿಯದೋ ಇಂಗ್ಲಿಷ್ ಎಂದು ಶಾಲೆಯ ಆ ಹೆಂಗಸು ಅಂದಳಲ್ಲ, ಅಥವಾ ಅಂದದ್ದು ಬೇರೇನನ್ನೋ? ನೀನು ಪಕ್ಕದಲ್ಲೇ ಕೂತಿದ್ದೆ. ನನಗೆ ನೆನಪಿರುವುದು ಅವಳ ಪೆನ್ನಿನ ತುದಿ ಮೇಜಿನ ಮೇಲೆ ಒಂದೇ ಜಾಗದಲ್ಲಿ ಕುಟ್ಟುತ್ತಿದ್ದದ್ದು ಮಾತ್ರ. ಅವಳ ಮಾತಿನ ಮೊದಲರ್ಧವನ್ನಷ್ಟೇ ಕೇಳಿಸಿಕೊಂಡು ನಾವು ಎದ್ದು ಬಂದೆವೇನೋ ಎಂದು ಈಗ ಅನ್ನಿಸುತ್ತಿದೆ.

ಅನು ಮಾತಾಡುತ್ತಿಲ್ಲ. ಫೋನಿನಲ್ಲಿ ನಿನಗೆ 'ಕಡಿಮೆ ಮಾತಾಡ್ತಾಳೆ' ಅಂದಿದ್ದೆ. ಅದು ಸುಳ್ಳು. ಅವಳನ್ನು ನೋಡಿಕೊಳ್ಳುತ್ತಿದ್ದ ರುಕ್ಮಿನ್ ಹೋದ ಮೇಲಿನ ಸೋಮವಾರ ಬೆಳಿಗ್ಗೆ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಅದರ ಮೇಲೆ ನಿಂತಳು. ಮಂಗಳವಾರವೂ ನಿಂತಳು. ಆಮೇಲೆ ಕುರ್ಚಿಯನ್ನು ತಾನೇ ಅದರ ಜಾಗಕ್ಕೆ ತಳ್ಳಿಟ್ಟಳು. ಅಳಲಿಲ್ಲ. ರುಕ್ಮಿನ್ನಳನ್ನು ಟಾಂಟಿ, ಟಾಂಟಿ ಎಂದು ಕರೆಯುತ್ತಿದ್ದವಳು, ಟಾಂಟಿ ಎಲ್ಲಿ ಎಂದು ಕೇಳಲಿಲ್ಲ. ಈಗ ಬೇಕಾದ್ದನ್ನು ಬೆರಳಿನಿಂದ ತೋರಿಸುತ್ತಾಳೆ, ಬೇಡವಾದರೆ ಮುಖ ತಿರುಗಿಸುತ್ತಾಳೆ. ನಾಲ್ಕೂವರೆ ವರ್ಷದ ಮಗು ಇಡೀ ದಿನ ಸದ್ದಿಲ್ಲದೆ ಮನೆಯೊಳಗೆ ನಡೆದಾಡಿದರೆ ಹೇಗಿರುತ್ತದೆ ಎಂದು ನಿನಗೆ ಅಲ್ಲಿ ಮಿಷಿಗನ್ನಿನಲ್ಲಿ ಕೂತು ಗೊತ್ತಾಗುವುದಿಲ್ಲ. ನಾನು ಪಾತ್ರೆ ತೊಳೆಯುತ್ತಾ ನೀರು ನಿಲ್ಲಿಸಿ, ಹಿಂದೆ ತಿರುಗಿ ನೋಡುತ್ತೇನೆ. ಅಲ್ಲೇ ನಿಂತಿರುತ್ತಾಳೆ.

ನೀನು ಕರೆ ಮಾಡಿದಾಗಲೆಲ್ಲ ಆಟ ಬಿಟ್ಟು ಬಂದು ನನ್ನ ಮುಖ ನೋಡುತ್ತಾಳೆ. ಅದಕ್ಕೇ ಫೋನು ಬೇಡ, ಬರೆಯೋಣ. ಈಮೇಲ್ ಅಂದರೆ ಆಫೀಸಿನವರು ಕೊನೆಯ ದಿನ ನನಗೆ ಕಳಿಸಿದ್ದೇ ಕಣ್ಣ ಮುಂದೆ ಬರುತ್ತದೆ.

ರುಕ್ಮಿನ್ ಮೊದಲ ದಿನ ಬಂದದ್ದು ನೆನಪಿದೆಯೇ? ದೇವಸ್ಥಾನದ ಬೋರ್ಡಿನಲ್ಲಿ ಅವಳ ಚೀಟಿ ನೋಡಿ ಕರೆಸಿದ್ದು. ಸೀರೆ ಉಡಿಸಿದರೆ ನಮ್ಮ ನಂಜನಗೂಡಿನ ಕಡೆಯವಳೇ. ನಾನು ಹಿಂದಿಯಲ್ಲಿ ಯಾವ ಊರು ಎಂದು ಕೇಳಿದೆ. ಬಾಗಿಲಲ್ಲೇ ನಿಂತು ನಕ್ಕಳು. "ನೋ ಹಿಂದಿ, ಗರ್ಲ್. ಐ ಈಸ್ ಅ ಟ್ರಿನಿ." ಟ್ರಿನಿಡಾಡಿನವರನ್ನು ಎಲ್ಲರೂ ಹಾಗೇ ಕರೆಯುವುದು, ಅವರಾಡುವ ಮಾತಿಗೂ ಅದೇ ಹೆಸರು, ಮುತ್ತಜ್ಜನನ್ನು ಯಾರೋ ಕಬ್ಬಿನ ತೋಟಕ್ಕೆಂದು ಹಡಗು ಹತ್ತಿಸಿದ್ದರು ಎಂದೆಲ್ಲ ಹೇಳಿದಳು. ನಮಗೆ ಅದರಲ್ಲಿ ಮುತ್ತಜ್ಜನಷ್ಟೇ ಸಾಕಾಯಿತು. ಅವಳನ್ನು ಇಟ್ಟುಕೊಂಡದ್ದು ಮುಖ ನೋಡಿ, ಬಿಡಿಸಿದ್ದು ಮಾತು ಕೇಳಿ. ಅನು ಟೀಚರಿಗೆ "ಮಿ ಎಹ್ ವಾಂಟ್ ದ್ಯಾಟ್" ಅಂದಳಂತೆ, ಅದು ಬೇಡ ಎಂದು. ಬ್ರೊಕೊಲಿ ಕೊಟ್ಟಾಗ ಹಲ್ಲಿನ ಸಂದಿಯಿಂದ ಉದ್ದಕ್ಕೆ ಗಾಳಿ ಎಳೆದು ಲೊಚಗುಟ್ಟಿದಳಂತೆ. ರುಕ್ಮಿನ್ ಅದಕ್ಕೆ ಸ್ಟೂಪ್ಸ್ ಅನ್ನುತ್ತಿದ್ದಳು. ನನ್ನ ಕೆಲಸ ಹೋದದ್ದು ಒಳ್ಳೆಯ ನೆಪವಾಯಿತು. ಇನ್ನು ನಾನೇ ಮನೆಯಲ್ಲಿರುತ್ತೇನಲ್ಲ ಅಂದೆವು.

ಬೇಗ ಬರೆ. ನನಗೆ ಹೆದರಿಕೆಯಾಗುತ್ತಿದೆ.

ಪದ್ಮ


ವಿಕ್ಸಮ್
೨೩ ನವೆಂಬರ್ ೨೦೦೮

ಪದ್ಮಾ,

ನಿನ್ನ ಕಾಗದ ಬಂದು ಕೆಲವು ದಿನವಾಯಿತು. ಓದಿ ಮಡಿಸಿಟ್ಟೆ, ಮತ್ತೆ ಓದಿದೆ. ಹವಾಮಾನದ ಬಗ್ಗೆ ಒಂದು ಪ್ಯಾರಾ ಬರೆದು ಹರಿದುಹಾಕಿದೆ.

ಇಲ್ಲಿ ರೇವಣಪ್ಪನವರ ಮನೆಯ ಬೇಸ್‌ಮೆಂಟಿನಲ್ಲಿ ನನ್ನ ಕೋಣೆ. ಬೈಲಹೊಂಗಲದವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಬ್ರೇಕ್ ತಯಾರಿಸುವ ಕಂಪನಿಯಲ್ಲಿದ್ದಾರೆ. ಹೆಂಡತಿ ಪ್ರಭಾವತಿಯವರು ಊರಿಗೆ ಹೋಗಿದ್ದಾರೆ. ನಿನ್ನೆ ಊಟ ಮಾಡುತ್ತಾ ಅನುವಿನ ವಿಷಯ ಹೇಳಿದೆ. ರೊಟ್ಟಿ ಮುರಿಯುತ್ತಾ ಅಂದರು:

"ಕೂಸು ಮಾತಾಡವಲ್ದು ಅಂತ ಯಾಕ ಇಷ್ಟು ತಲಿ ಕೆಡಿಸ್ಕೋತೀಯೋ ತಮ್ಮಾ? ನಮ್ಮ ಕಂಪನ್ಯಾಗ ಬ್ಯಾಸಿಗಿಯಿಂದ ಯಾರೂ ಮಾತಾಡವಲ್ರು. ಎಲ್ಲಾರೂ ತಮ್ ತಮ್ ಸಾಮಾನು ಡಬ್ಬ್ಯಾಗ ಜೋಡಿಸ್ಕೊಂಡು, ಯಾವಾಗ ಮನಿಗೆ ಕಳಸ್ತಾರೋ ಅಂತ ಸುಮ್ನ ಕುಂತಾರ."

ನಗಬೇಕೆಂದು ಹೇಳಿದ್ದು. ನಾನು ನಕ್ಕೆ. 

ನನ್ನ ಲ್ಯಾಬಿನಲ್ಲಿ ಕಾರಿನ ಸೀಟಿನ ಮೇಲೆ ಒಂದು ಯಂತ್ರ ದಿನವಿಡೀ ಕೂರುತ್ತದೆ, ಏಳುತ್ತದೆ. ಮನುಷ್ಯನ ಸೊಂಟದ ಆಕಾರ, ಅದಕ್ಕೆ ತಲೆಯಿಲ್ಲ. ಸೀಟು ಎಷ್ಟು ವರ್ಷ ಬಾಳುತ್ತದೆ ಎಂದು ನೋಡುವುದು ನನ್ನ ಕೆಲಸ. ಶುಕ್ರವಾರ ಮಧ್ಯಾಹ್ನ ಗಾಜಿನ ಕೋಣೆಗೆ ಯಾರನ್ನಾದರೂ ಕರೆಯುತ್ತಾರೆ, ಹೋದವರು ಸೋಮವಾರ ಕೆಲಸಕ್ಕೆ ಬರುವುದಿಲ್ಲ. ಆಗ ನಾವು ಉಳಿದವರು ಆ ಯಂತ್ರವನ್ನು ಬಹಳ ಗಮನವಿಟ್ಟು ನೋಡುತ್ತೇವೆ. ನಾವು ಮೂವರೂ ಈ ದೇಶದಲ್ಲಿರುವುದು ಈಗ ನನ್ನ ಈ ಒಂದು ಕೆಲಸದ ಮೇಲೆ ಎಂಬುದನ್ನು ನಾನು ಮರೆತಿಲ್ಲ, ನೀನೂ ಮರೆತಿಲ್ಲ, ಇಬ್ಬರೂ ಅದನ್ನು ಬರೆಯುವುದು ಬೇಡ.

ಮಕ್ಕಳು ಕೆಲವು ಕಾಲ ಸುಮ್ಮನಾಗುತ್ತಾರೆ. ನಾನೂ ಹಾಗೇ ಇದ್ದೆನಂತೆ. ಅವ್ವ ಹೇಳುತ್ತಿದ್ದಳು. ಸರಿಹೋಗುತ್ತದೆ.

ಸ್ವರೂಪ


ಲಿಸ್ಲ್
೧೪ ಡಿಸೆಂಬರ್ ೨೦೦೮

ಸ್ವರೂಪ,

ಸರಿಹೋಗುತ್ತದೆ ಎಂಬ ಪದವನ್ನು ಇನ್ನು ಮುಂದೆ ನನಗೆ ಬರೆಯಬೇಡ.

ನಿನ್ನೆ ಅವಳಿಗೆ ಚಳಿಗಾಲದ ಬೂಟ್ಸ್ ತರಲು ಹೋಗಿದ್ದೆ. ಆ ಅಂಗಡಿ ಮುಚ್ಚುತ್ತಿದೆ. ಎಲ್ಲ ಕಡೆ ಹಳದಿ ಬೋರ್ಡು, ಜನ ಶೆಲ್ಫುಗಳನ್ನೂ ಬಿಚ್ಚಿ ಕೊಂಡೊಯ್ಯುತ್ತಿದ್ದರು. ಒಂದು ಬೂಟಿನ ಅಳತೆ ನೋಡಿ ತಲೆಯೆತ್ತುವಷ್ಟರಲ್ಲಿ ಅನು ಇಲ್ಲ. ಕರೆದೆ. ಮೊದಲು ಮೆಲ್ಲಗೆ, ಜನರ ಮುಂದೆ ಕರೆಯುವ ಹಾಗೆ. ಆಮೇಲೆ ಕಿರುಚಿದೆ. ಒಬ್ಬ ಹುಡುಗಿ ಮೈಕಿನಲ್ಲಿ ಅವಳ ಹೆಸರನ್ನು ತಪ್ಪುತಪ್ಪಾಗಿ ಹೇಳಿದಳು. ಬಾಗಿಲ ಹತ್ತಿರ ಒಬ್ಬನನ್ನು ನಿಲ್ಲಿಸಿದರು. "ವಾಟ್ ಇಸ್ ಶಿ ವೇರಿಂಗ್, ಮ್ಯಾಮ್?" ಎಂದು ಯಾರೋ ಕೇಳಿದರೆ ನನಗೆ ಬಣ್ಣಗಳ ಹೆಸರೇ ಬರಲಿಲ್ಲ.

ಎಷ್ಟು ಹೊತ್ತೋ ಗೊತ್ತಿಲ್ಲ. ಕೋಟುಗಳನ್ನು ಸುತ್ತ ತೂಗುಹಾಕುವ ದುಂಡನೆಯ ಸ್ಟ್ಯಾಂಡ್ ಇರುತ್ತದಲ್ಲ, ಅದರ ಒಳಗೆ ನಿಂತಿದ್ದಳು. ನಾನು ಅದರ ಪಕ್ಕದಲ್ಲೇ ಓಡಾಡಿದ್ದೆ. ಎರಡು ಕೋಟುಗಳ ಸಂದಿಯಿಂದ ನನ್ನನ್ನು ನೋಡುತ್ತಲೇ ಇದ್ದಳು, ಸ್ವರೂಪ. ಅವಳ ಹೆಸರು ಕೂಗುತ್ತಾ ಅಳುತ್ತಿರುವ ತಾಯಿಯನ್ನು ನೋಡುತ್ತಾ ನಿಂತಿದ್ದಳು, ಹೂಂ ಅನ್ನಲಿಲ್ಲ. ತುಂಟತನವಲ್ಲ. ಮುಖದಲ್ಲಿ ಆಟವಿರಲಿಲ್ಲ. ಎತ್ತಿಕೊಂಡಾಗ ನನ್ನ ಕೊರಳಿನ ಬಟ್ಟೆಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದವಳು ಕಾರಿನವರೆಗೂ ಬಿಡಲಿಲ್ಲ.

ಕಿವಿ ಕೇಳಿಸುವುದಿಲ್ಲವೇನೋ ಎಂದು ರಾತ್ರಿಯೆಲ್ಲ ಯೋಚಿಸಿದೆ. ಕೇಳಿಸುತ್ತದೆ. ಫ್ರಿಜ್ ಬಾಗಿಲು ತೆರೆದರೆ ಬರುತ್ತಾಳೆ. ಹಾಗಾದರೆ ಆ ಅಂಗಡಿಯಲ್ಲಿ ಬೆಂಕಿ ಹತ್ತಿದ್ದರೆ? ಯಾರಾದರೂ ಅವಳ ಕೈ ಹಿಡಿದು ಹೊರಗೆ ಕರೆದೊಯ್ದಿದ್ದರೆ? ಆಗಲೂ ಕೂಗುತ್ತಿರಲಿಲ್ಲವೇ?

ಬೂಟ್ಸ್ ತರಲಿಲ್ಲ. ಕ್ರಿಸ್‌ಮಸ್ ರಜೆಗೆ ಬಾ.

ಪದ್ಮ


ವಿಕ್ಸಮ್
೪ ಜನವರಿ ೨೦೦೯

ಪದ್ಮಾ,

ಹಿಂತಿರುಗುವಾಗ ಕಲಮಜೂವಿನಾಚೆ ಹಿಮ ಜೋರಾಗಿತ್ತು. ಮುಂದಿನ ಲಾರಿಯ ಕೆಂಪು ದೀಪವನ್ನೇ ನೋಡುತ್ತಾ ಡ್ರೈವ್ ಮಾಡಿದೆ. ಅದು ಎಲ್ಲಿ ಎಕ್ಸಿಟ್ ತೆಗೆದುಕೊಂಡರೂ ನಾನೂ ತೆಗೆದುಕೊಳ್ಳುತ್ತಿದ್ದೆನೇನೋ.

ಇಪ್ಪತ್ತೆಂಟನೆಯ ತಾರೀಖು ಅಡಿಗೆಮನೆಯಲ್ಲಿ ನಾವಾಡಿದ ಮಾತುಗಳ ಬಗ್ಗೆ ನಾನು ಬರೆಯುವುದಿಲ್ಲ. ಅನುವಿಗೆ ಕೇಳಬಾರದೆಂದು ಇಬ್ಬರೂ ದನಿ ತಗ್ಗಿಸಿದ್ದೆವು, ಕನ್ನಡದಲ್ಲಿ ಆಡಿದೆವು. ನೀನು ಒಲೆಯ ಕಡೆ ತಿರುಗಿದ್ದೆ, ಆದ್ದರಿಂದ ನೋಡಲಿಲ್ಲ. ಅವಳು ಮೆಟ್ಟಿಲಿಳಿದು ಬಂದಳು, ನಮ್ಮಿಬ್ಬರನ್ನೂ ನೋಡದೆ ಹಿತ್ತಲ ಗಾಜಿನ ಬಾಗಿಲಿನ ಹತ್ತಿರ ಹೋಗಿ ಪರದೆಯನ್ನು ಪೂರ್ತಿ ಎಳೆದಳು. ಪಕ್ಕದ ಮನೆಯವರಿಗೆ ಕಾಣಬಾರದೆಂದು ದೊಡ್ಡವರು ಎಳೆಯುವ ಹಾಗೆ. ಎಳೆದು ಮತ್ತೆ ಮೇಲೆ ಹೋದಳು. ನಾನು ಆ ವಾಕ್ಯವನ್ನು ಅರ್ಧಕ್ಕೇ ಬಿಟ್ಟದ್ದು ಅದಕ್ಕೆ. ನೀನು ಅದನ್ನು ಸೋಲು ಎಂದುಕೊಂಡೆ.

ದಾರಿಯುದ್ದಕ್ಕೂ ಒಂದು ಹಳೆಯ ವಿಷಯ ತಲೆಯಲ್ಲಿತ್ತು. ಅನು ಹುಟ್ಟಿದಾಗ ನಮ್ಮವ್ವ ಶಿವಲಿಂಗಮ್ಮ, ನಿಮ್ಮಮ್ಮ ಇಬ್ಬರೂ ಬಂದಿದ್ದರು. ಅವ್ವ "ಬಾರವ್ವಾ ಇಲ್ಲೆ" ಅಂದರೆ ನಿಮ್ಮಮ್ಮ "ಬಾಮ್ಮ ಇಲ್ಲಿ" ಅನ್ನುವರು. ಮೊದಲು ನಗು. "ನಿಮ್ಮ ಕಡೆಯೋರು ಮುದ್ದು ಮಾಡಿದ್ರೂ ಬೈದ ಹಾಗಿರುತ್ತಪ್ಪ" ಎಂದು ನಿಮ್ಮಮ್ಮ. "ನಿಮ್ಮ ಕಡಿಯವ್ರು ಬೈದ್ರೂ ತಿಳಿಯೂದಿಲ್ರಿ, ಹಂಗs ಹಾಲಿನ್ಯಾಗ ಅದ್ದಿ ಕೊಡ್ತೀರಿ" ಎಂದು ಅವ್ವ. ಆಮೇಲೆ ನಗು ಹೋಯಿತು. ಮಗುವಿಗೆ ಯಾರ ಕನ್ನಡ ಎಂದು ನಾನೂ ನೀನೂ ವಾರಗಟ್ಟಲೆ ಮಾತು ಬಿಟ್ಟೆವು. ಕೊನೆಗೆ ಇಂಗ್ಲಿಷ್ ಎಂದು ತೀರ್ಮಾನಿಸಿದೆವು, ಜಗಳವಿಲ್ಲದ ಜಾಗ ಎಂದು. ಶಾಲೆಗೂ ಒಳ್ಳೆಯದು ಎಂದು ಎಲ್ಲರಿಗೂ ಹೇಳಿದೆವು.

ಆ ಇಂಗ್ಲಿಷಿನಲ್ಲಿ ನಾವು ಅವಳಿಗೆ ಏನು ಹೇಳಿದೆವು? ಶೂಸ್ ಹಾಕು. ಪ್ಲೀಸ್ ಅನ್ನು. ಟೂ ಮೋರ್ ಬೈಟ್ಸ್. ಕನ್ನಡವನ್ನು ನಮ್ಮಿಬ್ಬರಿಗೆ ಇಟ್ಟುಕೊಂಡೆವು, ಅಂದರೆ ಜಗಳಕ್ಕೆ. ಅವಳ ಮಟ್ಟಿಗೆ ಕನ್ನಡವೆಂದರೆ ಮುಚ್ಚಿದ ಬಾಗಿಲಿನ ಹಿಂದೆ ಬರುವ ಸದ್ದು. ಕಥೆ, ದೆವ್ವ, ತಮಾಷೆ, ಹೊಟ್ಟೆನೋವು, ಹುಳಿ, ಖಾರ, ಚಂದ್ರ, ಇವೆಲ್ಲ ಬಂದದ್ದು ರುಕ್ಮಿನ್‌ಳಿಂದ, ಟ್ರಿನಿಯಲ್ಲಿ. ನಮ್ಮ ಮಗಳ ತಾಯಿನುಡಿ ಯಾವುದು ಎಂದು ಯಾರಾದರೂ ಕೇಳಿದರೆ ನಿಜವಾದ ಉತ್ತರ ಅದು. ಅದನ್ನು ನಾವು ಒಂದು ಶುಕ್ರವಾರ ಸಂಜೆ ಕೈಚೀಲದ ಜೊತೆ ಬಾಗಿಲವರೆಗೆ ಬಿಟ್ಟು ಬಂದೆವು.

ಇದನ್ನು ಬರೆದು ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ.

ಸ್ವರೂಪ


ಲಿಸ್ಲ್
೧ ಫೆಬ್ರವರಿ ೨೦೦೯

ಸ್ವರೂಪ,

ಏನು ಮಾಡಬೇಕೆಂದು ನಾನು ಹೇಳುತ್ತೇನೆ. ರುಕ್ಮಿನ್‌ಳನ್ನು ಹುಡುಕು.

ಗುರುವಾರ ಡಾಕ್ಟರ್ ನೋಡಿದರು. ಅನು ಅವರ ಮುಂದೆ ಗೊಂಬೆಗಳನ್ನು ಸಾಲಾಗಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದರು, ಇಂಗ್ಲಿಷ್ ಅಂದೆ. "ಅವಳ ಜೊತೆ ಅತಿ ಹೆಚ್ಚು ಮಾತಾಡಿದವರು ಯಾರು?" ಅಂದರು. ನೋಡಿಕೊಳ್ಳುತ್ತಿದ್ದವಳು, ಈಗ ಇಲ್ಲ ಅಂದೆ. ಇನ್ನೂ ಹೀಗೇ ಇದ್ದರೆ ಬರುವ ವರ್ಷ ಬೇರೆ ತರಗತಿಗೆ ಹಾಕಬೇಕಾಗುತ್ತದೆ, ಮಾತಾಡದ ಮಕ್ಕಳಿಗೆಂದೇ ಒಂದಿದೆಯಂತೆ. ಮಾತು ಬಿಟ್ಟ ಮಗು ಬಹಳ ಕಾಲ ಬಿಟ್ಟರೆ ಹಿಂತಿರುಗುವ ದಾರಿ ಕಷ್ಟವಾಗುತ್ತದೆ ಅಂದರು. ಮೆಲ್ಲಗೇ ಅಂದರು. ಪಾರ್ಕಿಂಗ್ ಲಾಟಿನಲ್ಲಿ ನನಗೆ ಕಾರು ಸಿಗಲಿಲ್ಲ. ಅನು ನನ್ನ ತೋಳು ಎಳೆದು ಕರೆದೊಯ್ದಳು.

ಮನೆಗೆ ಬಂದು ಒಂದು ಕೆಲಸ ಮಾಡಿದೆ, ನಿನಗೆ ಹೇಳಬಾರದೆಂದಿದ್ದೆ. ನೆನಪಿದ್ದಷ್ಟು ರುಕ್ಮಿನ್‌ಳ ದನಿಯಲ್ಲಿ, ಅವಳು ಮುದ್ದಿಗೆ ಅನ್ನುತ್ತಿದ್ದ ಡೂಡೂ ಸೇರಿಸಿ ಕರೆದೆ. "ವಾಟ್ ಹ್ಯಾಪನ್, ಡೂಡೂ? ಕಮ್ ನಾ." ಅನು ನನ್ನನ್ನು ನೋಡಿದಳು. ಸತ್ತವರ ಬಟ್ಟೆ ಹಾಕಿಕೊಂಡು ಬಂದವರನ್ನು ನೋಡುವ ಹಾಗೆ ನೋಡಿ ಊಟದ ಮೇಜಿನ ಕೆಳಗೆ ಹೋದಳು. ಸಂಜೆಯವರೆಗೂ ಬರಲಿಲ್ಲ.

ಅವಳ ನಂಬರು ಕೆಲಸ ಮಾಡುತ್ತಿಲ್ಲ. ಆರೋರಾದಲ್ಲಿ ಅವಳಿದ್ದ ಮನೆಯನ್ನು ಬ್ಯಾಂಕಿನವರು ತೆಗೆದುಕೊಂಡಿದ್ದಾರೆ, ಬಾಗಿಲಿಗೆ ಅವರದೇ ಬೀಗ. ಮೂರು ವರ್ಷ ನಮ್ಮ ಮಗುವಿಗೆ ಸ್ನಾನ ಮಾಡಿಸಿದವಳ ಮನೆತನದ ಹೆಸರು ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಅವಳ ಅಕ್ಕ ಡೆಟ್ರಾಯ್ಟಿನಲ್ಲಿ ಸೆವೆನ್ ಮೈಲ್ ರಸ್ತೆಯ ಹತ್ತಿರ ಇದ್ದಾಳೆ. ಟ್ರಿನಿಡಾಡಿನ ಹಿಂದೂಗಳು ಪೂಜೆ ಮಾಡಿಸಿದ ಮೇಲೆ ಬಿದಿರುಕೋಲಿಗೆ ಬಾವುಟ ಕಟ್ಟಿ ಅಂಗಳದಲ್ಲಿ ನೆಡುತ್ತಾರಂತೆ, ಅದು ತಾನಾಗಿ ಹರಿದುಹೋಗುವವರೆಗೆ ತೆಗೆಯುವುದಿಲ್ಲವಂತೆ. ಬೀದಿಯಲ್ಲಿ ಅಕ್ಕನ ಮನೆಯೊಂದಕ್ಕೇ ಕೆಂಪು ಬಾವುಟ ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ನೀನಿರುವ ಕಡೆಯಿಂದ ಅದು ಎಷ್ಟು ದೂರ?

ಅವಳ ಕಾಗದಪತ್ರ ಸರಿಯಿರಲಿಲ್ಲ ಎಂದು ನಮಗೆ ಗೊತ್ತಿತ್ತು, ಗೊತ್ತಿಲ್ಲದವರ ಹಾಗಿದ್ದೆವು. ಜೋಪಾನವಾಗಿ ಕೇಳು.

ಪದ್ಮ


ಲಿಸ್ಲ್
೨೨ ಫೆಬ್ರವರಿ ೨೦೦೯

ಹೋದೆಯಾ? ಯಾಕೆ ಬರೆಯುತ್ತಿಲ್ಲ?

ಶಾಲೆಯವರು ಆ ತರಗತಿಯನ್ನು ನೋಡಿಕೊಂಡು ಬನ್ನಿ ಎಂದು ಕರೆದಿದ್ದರು. ಹೋಗಿದ್ದೆ. ಗೋಡೆಯ ತುಂಬ ಚಿತ್ರಗಳು, ನೀರಿನ ಚಿತ್ರ, ಬಾತ್‌ರೂಮಿನ ಚಿತ್ರ. ಮಕ್ಕಳು ಎದ್ದು ಹೋಗಿ ಬೇಕಾದ ಚಿತ್ರ ಮುಟ್ಟುತ್ತಾರೆ. ಅನು ಯಾರೂ ಹೇಳಿಕೊಡದೆ ಹೋಗಿ ನೀರನ್ನು ಮುಟ್ಟಿದಳು.

ಪ.


ವಿಕ್ಸಮ್
೮ ಮಾರ್ಚ್ ೨೦೦೯

ಪದ್ಮಾ,

ಹೋಗದೆ ದಿನ ತಳ್ಳಿದೆ. ಕಾರಣ ಕೇಳಬೇಡ. ಅವಳು ಸಿಗದಿರಬಹುದು ಎಂಬುದಕ್ಕಿಂತ ಸಿಕ್ಕರೆ ಏನೆನ್ನಲಿ ಎಂಬುದು ದೊಡ್ಡದಾಗಿತ್ತು.

ಶುಕ್ರವಾರ ಲಿವೋನಿಯಾದಲ್ಲಿ ಒಂದು ಇಂಟರ್‌ವ್ಯೂ ಇತ್ತು. ಇಲ್ಲಿ ನನ್ನನ್ನು ಈಗ ತಿಂಗಳು ತಿಂಗಳು ಮುಂದುವರಿಸುತ್ತಿದ್ದಾರೆ, ಅದಕ್ಕೇ ಎಲ್ಲ ಕಡೆ ಅಪ್ಲೈ ಮಾಡಿದ್ದೇನೆ. ರೇವಣಪ್ಪನವರೇ ಕರೆದೊಯ್ದರು. ಅವರ ಕೆಲಸ ಹೋಗಿದೆ. ಡಬ್ಬಿ ಜೋಡಿಸಿಟ್ಟಿದ್ದು ಉಪಯೋಗಕ್ಕೆ ಬಂತು ಎಂದು ಅವರೇ ಹೇಳಿಕೊಂಡು ನಗುತ್ತಾರೆ. ಇಂಟರ್‌ವ್ಯೂ ಬೇಗ ಮುಗಿಯಿತು, ಅದರ ಅರ್ಥ ನಿನಗೆ ಗೊತ್ತು. ಹೊರಗೆ ಬಂದು ಕಾರಿನಲ್ಲಿ ಕೂತಾಗ, ಇನ್ನು ಇದಕ್ಕಿಂತ ಕೆಳಗೆ ಇಳಿಯಲಾರೆ ಅನ್ನಿಸಿತು. ಸೆವೆನ್ ಮೈಲ್‌ಗೆ ಹೋಗೋಣ ಅಂದೆ.

ದಾರಿಯಲ್ಲಿ ಅವರಿಗೆ ವಿಷಯವೆಲ್ಲ ಹೇಳಿದೆ.

"ಈ ಟ್ರಿನಿ ಮಂದಿ ನಮ್ಮವ್ರೋ, ಅಲ್ಲೋ?" ಅಂದರು.

"ಗೊತ್ತಿಲ್ರಿ. ಮುತ್ತಜ್ಜ ನಮ್ಮ ದೇಶದಾಂವ."

"ಹಂಗಾರ ನಮ್ಮವ್ರs. ನನ್ನ ಮಮ್ಮಗ ಈಗs 'ವಾಟ್ಸಪ್ ಅಜ್ಜಾ' ಅಂತಾನ. ಅವನ ಮಮ್ಮಗ ಏನಂತಾನೋ ಆ ಶಿವಗs ಗೊತ್ತು. ಅದಕ್ಕ ಆ ಕೂಸು ನಮ್ಮದಲ್ಲ ಅನ್ನಾಕ ಬರ್ತದೇನು?"

ಆ ಭಾಗದಲ್ಲಿ ಮನೆಗಳ ನಡುವೆ ಮನೆಗಳಿಲ್ಲ. ಕಿಟಕಿಗೆ ಹಲಗೆ ಹೊಡೆದವು, ಬಾಗಿಲಿಗೆ ನೋಟಿಸ್ ಅಂಟಿಸಿದವು. ಬೀದಿಯಿಂದ ಬೀದಿಗೆ ಮೆಲ್ಲಗೆ ಹೋಗುತ್ತಿದ್ದೆವು. ಇದ್ದಕ್ಕಿದ್ದಂತೆ ರೇವಣಪ್ಪನವರು, "ಹನಮಪ್ಪನ ನಿಶಾನಿ ನೋಡೋ! ಡೆಟ್ರಾಯ್ಟದಾಗ!" ಎಂದು ಸ್ಟೀರಿಂಗ್ ಬಿಟ್ಟು ಎರಡೂ ಕೈ ಮುಗಿದರು. ಮರಕ್ಕೆ ಗುದ್ದಲಿಲ್ಲ, ಅಷ್ಟೇ. ಕೊಳಕು ಹಿಮದ ಮಧ್ಯೆ ಬಿದಿರುಕೋಲು, ಅದರ ತುದಿಯಲ್ಲಿ ಬಿಸಿಲಿಗೆ ಬಿಳಿಚಿದ ಕೆಂಪು ಚೂರು.

ಇಂಟರ್‌ವ್ಯೂಗೆಂದು ಹಾಕಿದ್ದ ಕಪ್ಪು ಕೋಟು, ಟೈ ಮೈಮೇಲಿತ್ತು, ಕೈಯಲ್ಲಿ ಫೋಲ್ಡರು. ಹಾಗೇ ಹೋಗಿ ಬಾಗಿಲು ತಟ್ಟಿದೆ. ಒಳಗೆ ಟಿವಿ ನಿಂತಿತು. ಪರದೆ ಒಂದು ಬೆರಳಷ್ಟು ಸರಿಯಿತು. ಎದುರು ಮನೆಯ ಅಂಗಳದಲ್ಲಿ ಹಿಮ ತೆಗೆಯುತ್ತಿದ್ದವನು ಸಲಿಕೆ ಅಲ್ಲೇ ಬಿಟ್ಟು ಒಳಗೆ ಹೋದ.

"ಹೂ ಯು ಲುಕಿಂಗ್ ಫಾ?" ಒಂದು ಗಂಡಸಿನ ದನಿ, ಬಾಗಿಲು ತೆರೆಯದೆ.

ರುಕ್ಮಿನ್ ಅಂದೆ.

"ನೋಬಡಿ ಸೋ ಇನ್ ಹಿಯರ್."

ನಾನು ಅವಳಿಗೆ ಕೆಲಸ ಕೊಟ್ಟಿದ್ದವನು, ಇಲಿನಾಯ್ ರಾಜ್ಯದ ಲಿಸ್ಲ್‌ನವನು, ಸ್ವಲ್ಪ ಮಾತಾಡಬೇಕು ಅಂದೆ. ಹೇಳುತ್ತಿರುವಾಗಲೇ ನನ್ನ ದನಿ ನನಗೆ ಕೇಳಿಸಿತು. ಅಂಥ ಬೀದಿಗೆ ಟೈ ಕಟ್ಟಿ ಫೋಲ್ಡರು ಹಿಡಿದು ಬರುವವನು ಮನೆ ಕಿತ್ತುಕೊಳ್ಳಲು ಬರುತ್ತಾನೆ, ಇಲ್ಲವೇ ಮನುಷ್ಯರನ್ನು. ಬಾಗಿಲಿನ ಹಿಂದೆ ಎಷ್ಟು ಜನ ಉಸಿರು ಹಿಡಿದು ನಿಂತಿದ್ದರೋ. ಗಾಜಿನ ಕೋಣೆಯ ಹೊರಗೆ ನಾನು ನಿಲ್ಲುವ ಹಾಗೆ ಅವರು ನಿಂತಿದ್ದರು, ಮತ್ತು ಒಳಗಿನವನು ನಾನಾಗಿದ್ದೆ. ನನ್ನನ್ನು ಕಂಡು ಯಾರಾದರೂ ಹೆದರಬಹುದು ಎಂದು ನನಗೆ ಈವರೆಗೆ ಗೊತ್ತಿರಲಿಲ್ಲ. ಅದು ಹೆದರುವುದಕ್ಕಿಂತ ಕೆಟ್ಟದ್ದು.

ಹಿಂತಿರುಗಬೇಕೆಂದಿದ್ದೆ. ಆಗ ಒಳಗಿನಿಂದ ಆ ಸದ್ದು ಬಂತು. ಹಲ್ಲಿನ ಸಂದಿಯಿಂದ, ಉದ್ದಕ್ಕೆ, ಬೇಸರದಿಂದ. ಬ್ರೊಕೊಲಿಯ ಸದ್ದು. ನಾನು ಬಾಗಿಲಿಗೆ ಬಾಯಿ ಹತ್ತಿರ ತಂದು, "ಅನು ಮಾತಾಡುತ್ತಿಲ್ಲ" ಅಂದೆ. ಗಾಬರಿಯಲ್ಲಿ ಕನ್ನಡದಲ್ಲಿ ಅಂದುಬಿಟ್ಟೆ. ಮತ್ತೆ ಇಂಗ್ಲಿಷಿನಲ್ಲಿ ಹೇಳುವ ಮೊದಲೇ ಚಿಲಕ ತೆಗೆದ ಸದ್ದಾಯಿತು. ಹೆಸರೊಂದೇ ಸಾಕಾಗಿತ್ತೇನೋ.

ತೆರೆದವಳು ರುಕ್ಮಿನ್, ಮೈ ಇಳಿದುಹೋಗಿದ್ದಾಳೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಟ್ ಲುಕ್ ಅಟ್ ಯು. ಲೈಕ್ ಯು ಕಮ್ ಟು ಬರಿ ಸಮ್‌ಬಡಿ" ಅಂದಳು. ಹೆಣ ಹೂಳಲು ಬಂದವನ ಹಾಗೆ. "ಟೇಕ್ ಆಫ್ ದ ಟೈ, ಬಾಯ್. ದೆನ್ ಟಾಕ್." ತೆಗೆದೆ. ರೇವಣಪ್ಪನವರನ್ನು ಕಾರಿನಿಂದ ಕರೆಸಿ ಇಬ್ಬರಿಗೂ ಬೇಳೆ ತುಂಬಿದ ರೊಟ್ಟಿ ಕೊಟ್ಟಳು. ಅವರು ಅದನ್ನು ಖಾರದ ಹೋಳಿಗೆ ಎಂದು ಕರೆದು ಅವಳ ಅಕ್ಕನೆದುರು ಕನ್ನಡದಲ್ಲೇ ಹೊಗಳಿದರು, ಅವಳಿಗೂ ಅರ್ಥವಾದಂತೆ ಕಂಡಿತು.

ರುಕ್ಮಿನ್ ಅನುವಿನ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆ. ಹೆದರಿದಾಗ ಅವಳು ಈಗ ಎಲ್ಲಿಗೆ ಹೋಗುತ್ತಾಳೆ? ನನಗೆ ಗೊತ್ತಿರಲಿಲ್ಲ. ಅಂಗಡಿಯ ಕೋಟುಗಳ ವಿಷಯ ಹೇಳಿದೆ. ಅವಳು ಮುಖ ಆಚೆ ತಿರುಗಿಸಿದಳು.

ಲಿಸ್ಲ್‌ಗೆ ಬರಲಾರಳು. ಬಸ್ಸಿನಲ್ಲಿ ಕಾಗದ ಕೇಳುತ್ತಾರೆಂದು ಯಾರೋ ಹೇಳಿದ್ದಾರಂತೆ, ಕಾರಿನಲ್ಲಿ ನಾನೇ ಕರೆದೊಯ್ಯುತ್ತೇನೆಂದರೂ ಬೇಡವೆಂದಳು. ಭಾನುವಾರ ಬೇರೆ ಬೇರೆ ನಂಬರಿನಿಂದ ಕರೆ ಮಾಡುತ್ತಾಳೆ. ನೀನು ತಿರುಗಿ ಆ ನಂಬರಿಗೆ ಮಾಡಬಾರದು.

ಯಾಕೆ ಬಿಡಿಸಿದಿರಿ ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಸ್ವರೂಪ


ಲಿಸ್ಲ್
೫ ಏಪ್ರಿಲ್ ೨೦೦೯

ಸ್ವರೂಪ,

ಮೂರು ಭಾನುವಾರ ಕರೆ ಬಂತು. ಒಂದು ಭಾನುವಾರ ಬರಲಿಲ್ಲ. ಆ ದಿನ ನಾನು ಟಿವಿಯ ಸುದ್ದಿ ಹಚ್ಚಿಟ್ಟುಕೊಂಡು ಎಲ್ಲಿಯಾದರೂ ಯಾರನ್ನಾದರೂ ಹಿಡಿದರೇ ಎಂದು ಸಂಜೆಯವರೆಗೆ ನೋಡಿದೆ.

ಮೊದಲ ಸಲ ಫೋನನ್ನು ಅನುವಿನ ಕಿವಿಗೆ ಹಿಡಿದಾಗ ಅವಳ ಮೈ ಪೂರ್ತಿ ನಿಂತುಹೋಯಿತು. ಆ ಕಡೆಯಿಂದ ರುಕ್ಮಿನ್ ಮಾತಾಡುತ್ತಲೇ ಇದ್ದಳು, ಹಿಟ್ಟು ನಾದುವವರ ಹಾಗೆ ಒಂದೇ ಸಮನೆ. ಅನು ಒಂದು ಅಕ್ಷರ ಅನ್ನಲಿಲ್ಲ. ಕರೆ ಕಡಿದ ಮೇಲೂ ಫೋನು ಬಿಡಲಿಲ್ಲ, ಕಿವಿಗೆ ಒತ್ತಿಕೊಂಡೇ ಇದ್ದಳು, ಬಿಡಿಸಲು ಹೋದರೆ ನನ್ನ ಕೈ ಕಚ್ಚಿದಳು. ಗುರುತು ಇನ್ನೂ ಇದೆ. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ನಾನೇ ಫೋನು ತೆಗೆದುಕೊಂಡು ಅತ್ತೆ. ಇವಳು ನಿನಗೂ ಮಾತಾಡುತ್ತಿಲ್ಲ, ಇನ್ನು ಯಾರಿಗೂ ಇಲ್ಲ, ಎಲ್ಲ ಮುಗಿಯಿತು ಅಂದೆ.

ಅವಳು ಸುಮ್ಮನೆ ಕೇಳಿದಳು. ಆಮೇಲೆ, ನೀನು ಎಲ್ಲಿ ಕೂತಿರುತ್ತೀ ಎಂದು ಕೇಳಿದಳು. ಅನುವಿನ ಎದುರಿಗೇ ಅಂದೆ. "ವಾಚಿಂಗ್ ಶಿ ಮೌತ್?" ಅಂದಳು. ಅವಳ ಬಾಯನ್ನೇ ನೋಡುತ್ತಾ? ಹೌದು. ಇನ್ನೆಲ್ಲಿ ನೋಡಲಿ? ಅಕ್ಟೋಬರಿನಿಂದ ನಾನು ಬೇರೇನನ್ನು ನೋಡಿದ್ದೇನೆ?

"ನೆಕ್ಸ್ಟ್ ಟೈಮ್ ಯು ಗೋ ಔಟ್‌ಸೈಡ್, ಗರ್ಲ್. ಶಟ್ ದ ಡೋರ್."

ಬಾಗಿಲು ಮುಚ್ಚಿ ಹೊರಗಿರುವುದು ನನ್ನಿಂದಾಗುವುದಿಲ್ಲ. ಅಂಗಡಿಯಲ್ಲಿ ಕಳೆದುಹೋದ ದಿನದಿಂದ ಅವಳು ಬಾತ್‌ರೂಮಿಗೆ ಹೋದರೂ ಬಾಗಿಲು ತೆರೆದಿಡುತ್ತೇನೆ. ಶಾಲೆಯವರು ಮೇ ತಿಂಗಳಲ್ಲಿ ತೀರ್ಮಾನ ಹೇಳಬೇಕೆಂದಿದ್ದಾರೆ.

ನಿನ್ನ ಕೆಲಸಕ್ಕೆ ಏಪ್ರಿಲ್ ಸಿಕ್ಕಿತೇ?

ಪದ್ಮ


ವಿಕ್ಸಮ್
೧೯ ಏಪ್ರಿಲ್ ೨೦೦೯

ಪದ್ಮಾ,

ಏಪ್ರಿಲ್ ಸಿಕ್ಕಿತು. ಮೇ ಬಗ್ಗೆ ಯಾರೂ ಏನೂ ಅನ್ನುತ್ತಿಲ್ಲ.

ಬಾಗಿಲು ಮುಚ್ಚು.

ಸ್ವರೂಪ


ಲಿಸ್ಲ್
೩ ಮೇ ೨೦೦೯

ಸ್ವರೂಪ,

ಮಹಡಿಯ ಹಜಾರದಲ್ಲಿ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು, ಇಲ್ಲದಿದ್ದರೆ ಅದು ಬಾಗಿಲ ಹಿಡಿಯ ಕಡೆಗೇ ಹೋಗುತ್ತದೆ. ಅನು ಒಳಗಿದ್ದಾಳೆ, ಫೋನು ಅವಳ ಹತ್ತಿರವಿದೆ, ಬಾಗಿಲು ಮುಚ್ಚಿದೆ. ಮಧ್ಯಾಹ್ನದ ಬಿಸಿಲು ಬಾಗಿಲಿನ ಕೆಳಗಿನಿಂದ ಒಂದು ಗೆರೆಯಷ್ಟು ಬಂದು ನನ್ನ ಕಾಲಬೆರಳಿನ ಮೇಲಿದೆ. ಹೋದ ಭಾನುವಾರ ಹೀಗೇ ಕೂತಿದ್ದೆ, ಏನೂ ಕೇಳಿಸಲಿಲ್ಲ. ತಡೆಯಲಾರದೆ ಬಾಗಿಲು ತೆರೆದುಬಿಟ್ಟೆ. ಅವಳು ಬಾಯಿ ಅರ್ಧ ತೆರೆದಿದ್ದಳು. ನನ್ನನ್ನು ಕಂಡು ಮುಚ್ಚಿದಳು. ಆ ಮುಚ್ಚಿದ್ದನ್ನು ನಾನು ಈ ವಾರವೆಲ್ಲ ನೋಡುತ್ತಿದ್ದೇನೆ.

ಸ್ವಲ್ಪ ತಡಿ.

ಮಾತಾಡುತ್ತಿದ್ದಾಳೆ.

ಸ್ವರೂಪ, ಮಾತಾಡುತ್ತಿದ್ದಾಳೆ. ದನಿ ಸ್ವಲ್ಪ ಒಡೆದಿದೆ, ಬಹಳ ದಿನ ಮುಚ್ಚಿಟ್ಟ ಪೆಟ್ಟಿಗೆ ತೆರೆದ ಹಾಗೆ. ಆದರೆ ಒಂದೇ ಓಟ, ಎಲ್ಲೂ ಎಡವುತ್ತಿಲ್ಲ. ಅರ್ಧ ನನಗೆ ಅರ್ಥವಾಗುತ್ತಿಲ್ಲ. ನಗುತ್ತಿದ್ದಾಳೆ. ಶೂಸ್ ಚಿಕ್ಕದಾಗಿದೆ ಎಂದು ಹೇಳುತ್ತಿದ್ದಾಳೆ, ನನಗೆ ಯಾಕೆ ಹೇಳಲಿಲ್ಲ? ಈಗ ಲೊಚಗುಟ್ಟಿದಳು. ನಾನು ಬಾಯಿಗೆ ಸೆರಗು, ಸೆರಗೆಲ್ಲಿ ಬಂತು, ಸ್ವೆಟರಿನ ತೋಳು ತುರುಕಿಕೊಂಡು ಕೂತಿದ್ದೇನೆ.

ರುಕ್ಮಿನ್ ಏನೋ ಕೇಳಿರಬೇಕು. ಅನು ದನಿ ತಗ್ಗಿಸಿದಳು. ಅವಳು ಅಂದದ್ದನ್ನು ಅಂದ ಹಾಗೇ ಬರೆಯುತ್ತೇನೆ, ಆಮೇಲೆ ನನ್ನ ಮೇಲೆ ನನಗೆ ನಂಬಿಕೆಯಿರುವುದಿಲ್ಲ.

"ಮಮ್ಮಿ ಫ್ರೈಟನ್, ಟಾಂಟಿ. ಶಿ ಫ್ರೈಟನ್ ಬ್ಯಾಡ್. ಡ್ಯಾಡಿ ಫ್ರೈಟನ್ ಟೂ. ಸೋ ಐ ಡಜ್ ಕೀಪ್ ಕ್ವಾಯಟ್."

ಮಮ್ಮಿಗೆ ಹೆದರಿಕೆ, ಡ್ಯಾಡಿಗೂ ಹೆದರಿಕೆ, ಅದಕ್ಕೇ ನಾನು ಸುಮ್ಮನಿರುತ್ತೇನೆ ಎಂದು. ಅವಳು ಮಾತು ಮರೆತಿರಲಿಲ್ಲ. ನಮ್ಮ ಮೇಲೆ ಕೋಪವೂ ಅಲ್ಲ. ರೋಗಿ ಮಲಗಿದ ಮನೆಯಲ್ಲಿ ಮಕ್ಕಳು ತುದಿಗಾಲಲ್ಲಿ ನಡೆಯುತ್ತಾರಲ್ಲ, ಹಾಗೆ ಇಷ್ಟು ತಿಂಗಳು ನಮ್ಮಿಬ್ಬರ ಸುತ್ತ ನಡೆದಿದ್ದಾಳೆ. ಆ ಕೋಟುಗಳ ಒಳಗಿನಿಂದ ನಾನು ಕಿರುಚುವುದನ್ನು ನೋಡಿ ಇನ್ನೂ ಹೆಚ್ಚು ಸುಮ್ಮನಾಗಿದ್ದಾಳೆ. ನನ್ನ ಹೆದರಿಕೆ ಹೆಚ್ಚಾದಷ್ಟೂ ಅವಳು ಇನ್ನೂ ಜಾಗ್ರತೆ ಮಾಡಿದ್ದಾಳೆ. ಇವಳು ಮಾತಾಡುವುದಿಲ್ಲವೆಂದು ನಾನು ಹೆದರಿದೆ, ನಾನು ಹೆದರಿದೆನೆಂದು ಇವಳು ಮಾತಾಡಲಿಲ್ಲ. ಹೊರಗೆ ಬರುವ ಬಾಗಿಲು ಇದರಲ್ಲಿ ಎಲ್ಲಿದೆ?

ಬುಧವಾರ ಶಾಲೆಯವರಿಗೆ ಹೇಳಬೇಕು. ಮೇ ಬಗ್ಗೆ ನಿನಗಿನ್ನೂ ಯಾರೂ ಹೇಳಿಲ್ಲ. ಹೆದರಿಕೆ ಹೋಗಲಿ ಎಂದರೆ ಹೋಗುವುದಿಲ್ಲ, ಇಲ್ಲವೆಂದು ನಟಿಸಿದರೆ ಈ ಮಗುವಿಗೆ ಗೊತ್ತಾಗುತ್ತದೆ. ಅವಳಿಗೆ ಹೇಳಬೇಕಾದದ್ದು ಬೇರೆ, ಅದಕ್ಕೆ ನನ್ನ ಹತ್ತಿರ ಪದವಿಲ್ಲ. ನನ್ನ ಇಂಗ್ಲಿಷಿನಲ್ಲಿ ಹೇಳಿದರೆ ಅದು ಶೂಸ್ ಹಾಕು ಅಂದ ಹಾಗಿರುತ್ತದೆ. ಕನ್ನಡದಲ್ಲಿ ಬಾಯಿ ತೆರೆದರೆ ಅವಳು ಹೋಗಿ ಪರದೆ ಎಳೆಯುತ್ತಾಳೆ. ನಿನ್ನ ಮಾತನ್ನು ಆಡಲು ಹೋದಾಗ ಮೇಜಿನ ಕೆಳಗೆ ಹೋದಳು, ರುಕ್ಮಿನ್. ಕಾಗದ ಸ್ವರೂಪನಿಗೆ, ಕೇಳುತ್ತಿರುವುದು ನಿನ್ನನ್ನು.

ರುಕ್ಮಿನ್, ಹೆದರಿಕೆಯಿದ್ದರೂ ಮಾತಾಡಬಹುದು ಎಂದು ಇವಳಿಗೆ ನಾನು ಯಾವ ಮಾತಿನಲ್ಲಿ ಹೇಳಲಿ?